ಬೈಗುಳ ತಗ್ಗಿಸಿದ ಗೇಮ್‌ಗಳು

ಫ್ರೀ ಫೈರ್, ಪಬ್‌ಜಿ ಎರಡೂ ಮೊಬೈಲಿನಲ್ಲಿ ಆಡುವ ಗುಂಡಿನ ಕಾಳಗದ ಗೇಮ್‌ಗಳು. ಇದನ್ನು ಆಡುವವರಿಗೂ ಅದನ್ನು ಆಡುವವರಿಗೂ ಆಗಿಬರುವುದಿಲ್ಲ. ಫ್ರೀ ಫೈರ್ ಕಡಿಮೆ ಬೆಲೆಯ ಫೋನಿನಲ್ಲೂ ಓಡುತ್ತದೆ. ಹಾಗಾಗಿ 'ನಿಂದು ಡಬ್ಬಾ ಫೋನು' ಎಂಬ ಹಂಗಿಸುವಿಕೆಯಿಂದ ಶುರುವಾಗಿ, 'ನೂಬ್' (ಆಡಲು ಬಾರದವನು) ದಾಟಿ, ಅಪ್ಪ ಅಮ್ಮನವರೆಗೆ ಹೋಗುತ್ತದೆ. ಕೇಳಿಸಿಕೊಂಡ ಹಿರಿಯರು ಹುಡುಗರು ಕೆಟ್ಟರು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಟ್ಟಿರುವುದು ಬಹುಮಟ್ಟಿಗೆ ಅವರು ಆಡುವ ಅಂಗಳ, ಮತ್ತು ಅಂಗಳವನ್ನು ರಿಪೇರಿ ಮಾಡಬಹುದು.

ಬಣ ಕಟ್ಟಿಕೊಳ್ಳಲು ಮನುಷ್ಯನಿಗೆ ದೊಡ್ಡ ಕಾರಣವೇ ಬೇಕಿಲ್ಲ. ಮನೋವಿಜ್ಞಾನಿ ಹೆನ್ರಿ ತಾಜ್ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರಿಗೆ ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಯಾರದು ಇಷ್ಟವಾಯಿತೋ ಆ ಗುಂಪಿಗೆ ನೀವು ಸೇರಿದವರು ಎಂದರು. ನಿಜವಾಗಿ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ಆಮೇಲೆ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನವರ ಕಡೆ ವಾಲಿದರು. ತಮ್ಮವರ ಪಾಲು ಒಂದಿಷ್ಟು ತಗ್ಗಿದರೂ ಚಿಂತೆಯಿಲ್ಲ, ಎದುರಿನವರಿಗಿಂತ ಮೇಲಿದ್ದರೆ ಸಾಕು ಎಂಬಂಥ ಆಯ್ಕೆಗಳೂ ಅಲ್ಲಿ ಕಂಡವು. ಒಂದೇ ಗೇಮ್ ಮೇಲೆ ವರ್ಷಗಟ್ಟಲೆ ಹೊತ್ತು, ದುಡ್ಡು ಸುರಿದವರ ಪಾಡು ಇನ್ನೆಷ್ಟಿರಬೇಡ! ಜೊತೆಗೆ, ಮುಖ ಕಾಣದ ಕಡೆ ನಾಲಿಗೆಗೆ ಲಗಾಮು ಇರುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಲೀಗ್ ಆಫ್ ಲೆಜೆಂಡ್ಸ್ ತಯಾರಿಸಿದ ರಯಟ್ ಗೇಮ್ಸ್ ಕಂಪನಿ ಬಹಳ ಸಣ್ಣದೊಂದು ಬದಲಾವಣೆ ಮಾಡಿ ನೋಡಿತು. ಐದೈದು ಜನರ ಎರಡು ತಂಡ ಆಡುವ ಆ ಗೇಮಿನಲ್ಲಿ ಎದುರಾಳಿಗಳೊಂದಿಗಿನ ಚಾಟ್ ಮೊದಲಿನಿಂದಲೇ ಆನ್ ಆಗಿರುತ್ತಿತ್ತು. ಅದನ್ನು ಆಫ್ ಮಾಡಿಟ್ಟರು. ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬಹುದಿತ್ತು. ಯಾರನ್ನೂ ಬ್ಯಾನ್ ಮಾಡಲಿಲ್ಲ. ಕೆಟ್ಟ ಮಾತು ಶೇ. 30ಕ್ಕೂ ಹೆಚ್ಚು ಇಳಿಯಿತು, ಒಳ್ಳೆಯ ಮಾತು ಹೆಚ್ಚುಕಡಿಮೆ ಅಷ್ಟೇ ಏರಿತು. ಚಾಟ್ ಬಳಕೆಯೇ ಕುಸಿದಿತ್ತು ಎನ್ನುವ ಹಾಗೂ ಇಲ್ಲ, ಅದು ಮೊದಲಿನಷ್ಟೇ ಇತ್ತು. ಬೈಯಬೇಕೆಂದಾಗ ಎರಡು ಬಟನ್ ಹೆಚ್ಚು ಒತ್ತಬೇಕು, ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ ಎಂಬುದು ನನ್ನ ಊಹೆ. ಇದೇ ಕಂಪನಿಯ ಲೆಕ್ಕದಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಸಮಾಧಾನ ತಂದಿತು: ಬೈಗುಳದ ಬಹುಪಾಲು ಬರುತ್ತಿದ್ದುದು ಹುಟ್ಟಾ ಪುಂಡರಿಂದಲ್ಲ, ಉಳಿದ ದಿನಗಳಲ್ಲಿ ಚೆನ್ನಾಗಿಯೇ ಆಡುವ ಸಾಮಾನ್ಯ ಆಟಗಾರರಿಂದ.

2012ರಲ್ಲಿ ಬಂದ ಜರ್ನಿ ಎಂಬ ಗೇಮಿನ ಕತೆ ಇನ್ನೂ ಚೆನ್ನಾಗಿದೆ. ಮರಳುಗಾಡಿನಲ್ಲಿ ನಡೆಯುವ ನಿಮಗೆ ಅಪರಿಚಿತನೊಬ್ಬ ಎದುರಾಗುತ್ತಾನೆ. ತಯಾರಿಯ ಹಂತದಲ್ಲಿ ಒಬ್ಬರನ್ನೊಬ್ಬರು ತಳ್ಳಲು ಅವಕಾಶವಿತ್ತು, ಕಷ್ಟದಲ್ಲಿ ನೆರವಾಗಲಿ ಎಂದು. ಆಡಿದವರು ಮಾಡಿದ್ದು ಜೊತೆಗಾರನನ್ನು ಹಳ್ಳಕ್ಕೆ ನೂಕುವ ಕೆಲಸ. ಅದರ ನಿರ್ದೇಶಕ ಜೆನೋವಾ ಚೆನ್ ಆಟಗಾರರನ್ನು ಬೈಯುವ ಬದಲು ತಳ್ಳುವ ಅವಕಾಶವನ್ನೇ ತೆಗೆದುಹಾಕಿದರು. ಹೆಸರು ಕಾಣುವುದಿಲ್ಲ, ಮಾತಿಲ್ಲ, ಕೂಗಿದರೆ ಒಂದು ಸ್ವರ ಮಾತ್ರ. ಇಬ್ಬರೂ ಹತ್ತಿರ ಬಂದು ಮೈ ತಾಗಿದರೆ ಇಬ್ಬರ ಶಾಲೂ ಮಿನುಗಿ, ಹಾರಲು ಬೇಕಾದ ಶಕ್ತಿ ತುಂಬಿಕೊಳ್ಳುತ್ತದೆ. ಅಪರಿಚಿತ ಪಕ್ಕದಲ್ಲಿದ್ದರೆ ನಿಮಗೇ ಲಾಭ.

ಸುಮ್ಮನೆ ಒಟ್ಟಿಗೆ ಸೇರಿಸಿದರೆ ಮಾತ್ರ ಏನೂ ಆಗುವುದಿಲ್ಲ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮನೋವಿಜ್ಞಾನಿ ಮುಜಫರ್ ಶೆರಿಫ್ ಹುಡುಗರ ಎರಡು ಗುಂಪುಗಳನ್ನು ಬೇಸಿಗೆ ಶಿಬಿರದಲ್ಲಿ ಪೈಪೋಟಿಗೆ ಬಿಟ್ಟರು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಒಬ್ಬರ ಮೇಲೊಬ್ಬರು ಊಟ ಎಸೆದಾಡಿದರು. ಶಿಬಿರಕ್ಕೆ ನೀರು ನಿಂತಾಗ, ಕೆಟ್ಟ ಲಾರಿಯನ್ನು ಹಗ್ಗ ಕಟ್ಟಿ ಎಳೆಯಬೇಕಾಗಿ ಬಂದಾಗ ಹಗೆ ಇಳಿಯತೊಡಗಿತು. ಆ ಪ್ರಯೋಗದ ವಿಧಾನದ ಬಗ್ಗೆ ತಕರಾರುಗಳಿವೆ, ನಿಜ. ಆದರೂ ನಮ್ಮಲ್ಲಿ ಟೂರ್ನಮೆಂಟ್ ನಡೆಸುವವರು ಇದನ್ನು ಗಮನಿಸಬೇಕು. ಬೇರೆ ಬೇರೆ ಬಣದವರನ್ನು ಒಂದೇ ಸ್ಕ್ವಾಡ್‌ಗೆ ಹಾಕಿ, ಒಬ್ಬರಿಲ್ಲದೆ ಇನ್ನೊಬ್ಬರು ಗೆಲ್ಲದಂತೆ ಆಟ ಇಟ್ಟು ನೋಡಲಿ.

ಐಸ್‌ಲೆಂಡಿನ ಕಂಪನಿಯೊಂದರ, ಬಾಹ್ಯಾಕಾಶದಲ್ಲಿ ನಡೆಯುವ ಈವ್ ಆನ್‌ಲೈನ್ ಗೇಮಿನಲ್ಲಿ 2014ರ ಜನವರಿಯಲ್ಲಿ ಎರಡು ಮೈತ್ರಿಕೂಟಗಳ ನಡುವೆ ಸುಮಾರು 21 ಗಂಟೆ ಕಾದಾಟ ನಡೆಯಿತು. ಏಳು ಸಾವಿರಕ್ಕೂ ಹೆಚ್ಚು ಆಟಗಾರರು ಸೇರಿದ್ದರು, 75 ಅತಿದೊಡ್ಡ ಬಾಹ್ಯಾಕಾಶ ಹಡಗುಗಳು ಭಸ್ಮವಾದವು. ಆದರೆ ಅದೇ ಗೇಮಿಗೆ 2008ರಿಂದ ಆಟಗಾರರೇ ಓಟು ಹಾಕಿ ಆರಿಸುವ ಒಂದು ಸಮಿತಿಯಿದೆ. ಪರಸ್ಪರ ಕಾದಾಡುವ ಬಣಗಳವರೂ ಅದರಲ್ಲಿ ಒಟ್ಟಿಗೆ ಕೂರುತ್ತಾರೆ, ಗೇಮಿನ ಕುಂದುಕೊರತೆಗಳನ್ನು ಕಂಪನಿಯ ಮುಂದಿಡುತ್ತಾರೆ. ಆಮೇಲೆ ಲಾಗಿನ್ ಆಗಿ ಮತ್ತೆ ಯುದ್ಧಕ್ಕೆ ನಿಲ್ಲುತ್ತಾರೆ.