ಫೀಚರ್ ಟೆಸ್ಟ್ ಮ್ಯಾಕ್ರೋ ಅಂದ್ರೆ ಏನು?

ನಮ್ ಕೊಡಗಲ್ಲಿ ಕಾಫಿ ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಎಷ್ಟು ಇಂಚು ಎಷ್ಟು ಸೆಂಟು ಅಂತ ಬರೆದಿಡ್ತಾರಲ್ಲ, ಆ ಲೆಕ್ಕನ ಟೈಪ್ ಮಾಡಿ ಲಿನಕ್ಸಲ್ಲಿ ಒಂದು ಸಿ ಪ್ರೋಗ್ರಾಮಿಗೆ ಕೊಡ್ತೀರಿ ಅಂದ್ಕೊಳ್ಳಿ. ತಾರೀಖು ಬಿಡಿಸೋಕೆ ಸ್ಟ್ರ್‌ಪಿಟೈಮ್ ಅನ್ನೋ ಫಂಕ್ಷನ್ ಬೇಕು, ಅದನ್ನ ಪರಿಚಯಿಸೋ ಹೆಡರ್ ಫೈಲು ಟೈಮ್.ಎಚ್ ಇನ್‌ಕ್ಲೂಡ್ ಮಾಡಿರ್ತೀರಿ, ಆದ್ರೂ ಸಿ ಕಂಪೈಲರ್ ಜಿಸಿಸಿ 'ಇಂಪ್ಲಿಸಿಟ್ ಡಿಕ್ಲರೇಶನ್', ಅಂದ್ರೆ ಈ ಫಂಕ್ಷನ್ನಿನ ಪರಿಚಯ ಎಲ್ಲೂ ಕಂಡಿಲ್ಲ ಅಂತ ಗೊಣಗುತ್ತೆ.

ಫಂಕ್ಷನ್ ಲೈಬ್ರರಿಯಲ್ಲಿ ಇದ್ದೇ ಇದೆ, ಎಲ್ಲೂ ಹೋಗಿಲ್ಲ. ಹೆಡರ್ ಅದನ್ನ ತೋರಿಸ್ತಿಲ್ಲ ಅಷ್ಟೇ. ಯಾವ ಸ್ಟ್ಯಾಂಡರ್ಡಿನ ಫಂಕ್ಷನ್‌ಗಳನ್ನ ತೋರಿಸ್ಬೇಕು ಅಂತ ಹೆಡರಿಗೆ ನಾವು ಮೊದಲೇ ಹೇಳೋ ಡಿಫೈನೇ ಫೀಚರ್ ಟೆಸ್ಟ್ ಮ್ಯಾಕ್ರೋ. ಸ್ಟ್ರ್‌ಪಿಟೈಮಿಗೆ _ಎಕ್ಸ್‌ಓಪನ್_ಸೋರ್ಸ್ ಬೇಕು, ಅದಕ್ಕೆ ವ್ಯಾಲ್ಯೂ 700 ಕೊಟ್ರೆ ಪೋಸಿಕ್ಸ್ (ಯುನಿಕ್ಸ್ ಥರದ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್) 2008ರ ಫಂಕ್ಷನ್‌ಗಳೂ ಜೊತೆಗೆ ಬರುತ್ತೆ. _ಗ್ನೂ_ಸೋರ್ಸ್ ಹಾಕಿದ್ರೆ ಹೆಚ್ಚುಕಮ್ಮಿ ಎಲ್ಲಾನೂ ತೆರೆದುಕೊಳ್ಳುತ್ತೆ.

ಹಳೇ ಜಿಸಿಸಿಯಲ್ಲಿ ಇದು ಬರೀ ವಾರ್ನಿಂಗು, ಜನ ನೋಡ್ದೆ ಮುಂದೆ ಹೋಗ್ತಿದ್ರು, ಲಿಂಕೂ ಆಗ್ತಿತ್ತು ಯಾಕಂದ್ರೆ ಫಂಕ್ಷನ್ ಅಲ್ಲೇ ಇದೆಯಲ್ಲ, ಆದ್ರೆ ಡಿಕ್ಲರೇಶನ್ ಕಾಣದ ಕಂಪೈಲರ್ ಅದು ಇಂಟ್ (ಪೂರ್ಣಾಂಕ) ವಾಪಸ್ ಕೊಡುತ್ತೆ ಅಂತ ಅಂದ್ಕೊಳ್ಳುತ್ತೆ, ಸ್ಟ್ರ್‌ಪಿಟೈಮ್ ನಿಜವಾಗಿ ಕೊಡೋ 64 ಬಿಟ್ ಪಾಯಿಂಟರ್ (ಮೆಮೊರಿ ವಿಳಾಸ) ಅರ್ಧ ಕತ್ತರಿಸಿ ಹೋಗುತ್ತೆ, ಮುಟ್ಟಿದ್ರೆ ಸೆಗ್ ಫಾಲ್ಟ್, ಪ್ರೋಗ್ರಾಮ್ ಅಲ್ಲೇ ಸತ್ತಂಗೆ. ಜಿಸಿಸಿ 14ರಿಂದ ಇದನ್ನ ಎರರ್ ಮಾಡಿದ್ದಾರೆ, ಒಳ್ಳೇದೇ ಆಯ್ತು.

ಮತ್ತೆ ಬಚ್ಚಿಡೋದ್ಯಾಕೆ? ಹೆಸರು ಡಿಕ್ಕಿ ಹೊಡೀಬಾರ್ದು ಅಂತ. ಒಂದೊಂದು ಸಾಲು ಓದೋಕೆ ಗೆಟ್‌ಲೈನ್ ಅಂತ ತಮ್ಮದೇ ಫಂಕ್ಷನ್ ಬರೆದ್ಕೊಂಡಿದ್ದ ಹಳೇ ಪ್ರೋಗ್ರಾಮ್‌ಗಳು ಬೇಕಾದಷ್ಟಿವೆ, ಪೋಸಿಕ್ಸ್ 2008ರಲ್ಲಿ ಅದೇ ಹೆಸರು ಸ್ಟ್ಯಾಂಡರ್ಡಿಗೆ ಬಂತು, ಅವೆಲ್ಲ 'ಕಾನ್‌ಫ್ಲಿಕ್ಟಿಂಗ್ ಟೈಪ್ಸ್' ಅಂತ ನಿಂತ್ವು. ಕಂಪೈಲರಿಗೆ -ಎಸ್‌ಟಿಡಿ=ಸಿ99, ಅಂದ್ರೆ ಬರೀ ಸಿ99 ಸ್ಟ್ಯಾಂಡರ್ಡ್ ಸಾಕು ಅಂತ ಕೊಟ್ರೆ ಗೆಟ್‌ಲೈನ್ ಕಾಣಲ್ಲ, ಜೊತೆಗೆ ಸ್ಟ್ರಿಂಗ್ ನಕಲು ಮಾಡೋ ಸ್ಟ್ರ್‌ಡಪ್ ಕೂಡ ಮಾಯ. ಅದರ ಬದಲು ಗ್ನೂ99 (ಸಿ99 ಜೊತೆ ಗ್ನೂ ಸೇರ್ಪಡೆಗಳು) ಕೊಟ್ರೆ ಎರಡೂ ವಾಪಸ್.

ಡಿಫೈನ್ ಯಾವಾಗ್ಲೂ ಮೊದಲನೇ ಇನ್‌ಕ್ಲೂಡಿಗಿಂತ ಮೇಲಿರ್ಬೇಕು. ಮೊದಲು ಬಂದ ಹೆಡರೇ ಒಳಗಿಂದ ಫೀಚರ್ಸ್.ಎಚ್ ಕರೆದು ಎಲ್ಲ ತೀರ್ಮಾನ ಮಾಡ್ಬಿಡುತ್ತೆ, ಆಮೇಲೆ ಹಾಕಿದ್ದು ದಂಡ. ನನ್ನ ಕೇಳಿದ್ರೆ ಕಂಪೈಲ್ ಮಾಡೋ ಆಜ್ಞೆಗಳಿರೋ ಮೇಕ್‌ಫೈಲಲ್ಲೇ -ಡಿ ಅಂತ ಈ ಡಿಫೈನ್ ಕೊಟ್ಬಿಡಿ.

ಹಾಗಂತ ಎಲ್ಲದಕ್ಕೂ _ಗ್ನೂ_ಸೋರ್ಸ್ ಬಡಿಯೋದು ಬೇಡ. ಎರರ್ ನಂಬರನ್ನ ಮಾತಲ್ಲಿ ಹೇಳೋ ಸ್ಟ್ರ್‌ಎರರ್_ಆರ್ ಅನ್ನೋದು ಪೋಸಿಕ್ಸಲ್ಲಿ ಇಂಟ್ ಕೊಡುತ್ತೆ, ಗ್ನೂ ಸೋರ್ಸ್ ಇದ್ರೆ ಕ್ಯಾರೆಕ್ಟರ್ ಪಾಯಿಂಟರ್ ಕೊಡುತ್ತೆ, ಹೆಸರು ಒಂದೇ ಆದ್ರೂ ಫಂಕ್ಷನ್ನೇ ಬೇರೆ. ಸಿ++ ಕಂಪೈಲರ್ ಜಿ++ ಅಂತೂ ಕೇಳದೇನೇ _ಗ್ನೂ_ಸೋರ್ಸ್ ಹಾಕಿರುತ್ತೆ, ಅದಕ್ಕೇ ಅಲ್ಲಿ ಸುಮ್ಮನೆ ಓಡಿದ ಸ್ಟ್ರ್‌ಪಿಟೈಮ್ ಸಿ ಫೈಲಿಗೆ ತಂದ ತಕ್ಷಣ ರಗಳೆ ತೆಗೆಯೋದು.