ತಪ್ಪು ಒಂದೇ ಕಡೆ ನಿಲ್ಲುತ್ತದೋ, ಜಾಗ ಬದಲಿಸುತ್ತದೋ?

ಹುಡುಗ ಫೋನಿನಲ್ಲಿ ನಾಲ್ಕು ಫೋಟೊ ತೋರಿಸಿದ. ನಾಲ್ಕೂ ಒಂದೇ ತರಹ ಕಾಣುತ್ತಿದ್ದವು. ಕಪ್ಪು ಪರದೆ, ಬಿಳಿ ಅಕ್ಷರ, ಕೊನೆಯಲ್ಲಿ ‘ಎರರ್ ಕೋಡ್ 1’, ಅದರ ಕೆಳಗೆ ‘ಸ್ಟಾಪ್’.

‘ನಾಕ್ ಸಲ ಮಾಡೀನ್ರಿ ಕಾಕಾ. ನಾಕೂ ಸಲ ಇದೇ ಬರ್ಲಕತ್ತದ,’ ಎಂದ.

ಇದು ಮೇ ತಿಂಗಳ ಮಾತು. ಒಂದು ಹಳೆಯ ಕಂಪ್ಯೂಟರ್‌ನ ಕರ್ನಲ್ಲನ್ನು, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು, ಹೊಸದಾಗಿ ಕಟ್ಟಲು ಹೋಗಿ ಅವನು ಸಿಕ್ಕಿಬಿದ್ದಿದ್ದ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಂದು ದಾಲ್ ಮಿಲ್. ತೊಗರಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಪಕ್ಕದಲ್ಲೇ ತಗಡಿನ ಸಣ್ಣ ಕೋಣೆ. ಅದರೊಳಗೆ ಹಳೆಯ ಕಂಪ್ಯೂಟರ್. ಅದರಲ್ಲಿ ಓಡುವುದು 2008ರ ನವೆಂಬರ್‌ನಲ್ಲಿ ಬಂದ ಫ್ರೀಬಿಎಸ್‌ಡಿ 6.4 ಎಂಬ ಆಪರೇಟಿಂಗ್ ಸಿಸ್ಟಮ್. ತೂಕದ ಇಂಡಿಕೇಟರ್ ಸೀರಿಯಲ್ ಕೇಬಲ್ ಮೂಲಕ ಅಂಕಿ ಕಳಿಸುತ್ತದೆ. ಕಂಪ್ಯೂಟರ್ ಅದನ್ನು ಓದಿ ಚೀಟಿ ಮುದ್ರಿಸುತ್ತದೆ. ಇಷ್ಟೇ ಅದರ ಕೆಲಸ. ಇದನ್ನು ತೆಗೆದು ಹೊಸದು ಹಾಕಿ ಎಂದು ಹೇಳುವುದು ಸುಲಭ. ಆದರೆ ಆ ಪ್ರೋಗ್ರಾಂ ಬರೆದವರು ಈಗ ಸಿಗುವುದಿಲ್ಲ, ಮತ್ತು ಅದು ಇವತ್ತಿಗೂ ಒಂದು ಕಿಲೊ ತಪ್ಪು ತೋರಿಸಿಲ್ಲ. ಇಂಥ ಯಂತ್ರವನ್ನು ಇಂಟರ್ನೆಟ್‌ಗೆ ಮಾತ್ರ ಜೋಡಿಸಬಾರದು. ಈ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು 2010ರ ನವೆಂಬರ್‌ಗೇ ನಿಂತಿವೆ. ಮಿಲ್ಲಿನವರು ಜೋಡಿಸಿಲ್ಲ, ಅದು ಒಳ್ಳೆಯದಾಯಿತು.

ಒಂದು ಸಂಜೆ ಗುಡುಗು ಸಿಡಿಲಿನ ಮಳೆ ಬಂದು ಮದರ್‌ಬೋರ್ಡಿನ ಸೀರಿಯಲ್ ಪೋರ್ಟ್ ಸುಟ್ಟಿತು. ಮಿಲ್ಲಿನ ಸಾವ್ಕಾರರ ಅಣ್ಣನ ಮಗನೇ ಈ ಹುಡುಗ, ಇಂಜಿನಿಯರಿಂಗ್ ಓದುತ್ತಾನೆ. ಅವನು ಎರಡು ಸೀರಿಯಲ್ ಪೋರ್ಟ್ ಇರುವ ಪಿಸಿಐ ಕಾರ್ಡ್ ತಂದು ಹಾಕಿದ. ಕಾರ್ಡ್ ಸರಿ ಇತ್ತು. ಆದರೆ ಸಿಸ್ಟಮ್‌ನ ಜೊತೆ ಬರುವ ‘ಜೆನೆರಿಕ್’ ಕರ್ನಲ್ ಅದನ್ನು ಗುರುತಿಸಲಿಲ್ಲ. ಇಂಥ ಕಾರ್ಡುಗಳನ್ನು ನಡೆಸುವ ಪ್ರೋಗ್ರಾಂ ‘ಪಿಯುಸಿ’ ಎಂಬ ಡ್ರೈವರ್. ಅದರ ಸಾಲು, ಕರ್ನಲ್‌ಗೆ ಏನೇನು ಸೇರಬೇಕು ಎಂದು ಬರೆದಿಡುವ ಜೆನೆರಿಕ್ ಕಾನ್ಫಿಗ್ ಫೈಲಿನಲ್ಲಿ ಇದೆ. ಆದರೆ ಮುಂದೆ ಹ್ಯಾಶ್ ಗುರುತು ಹಾಕಿ ಅದನ್ನು ಮುಚ್ಚಿಟ್ಟಿದ್ದಾರೆ. ಆ ಗುರುತು ತೆಗೆದು ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಮೂಲ ಬರಹವಾದ ಸೋರ್ಸ್‌ನಿಂದ ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕು. ಹುಡುಗ ಇಷ್ಟನ್ನು ತಾನೇ ಓದಿ ಕಂಡುಕೊಂಡಿದ್ದ. ನನಗೆ ಅದು ಬಹಳ ಹಿಡಿಸಿತು.

ಫೋಟೊದಲ್ಲಿ ಇದ್ದದ್ದು ಕೊನೆಯ ಸಾಲುಗಳು ಮಾತ್ರ. ಎಲ್ಲರೂ ಎಡವುವುದು ಇಲ್ಲಿಯೇ. ಕಂಪೈಲ್ ಕೆಲಸ ಮಾಡಿಸುವ ‘ಮೇಕ್’ ಎಂಬ ಪ್ರೋಗ್ರಾಂ ಒಂದು ಡೈರೆಕ್ಟರಿಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಎಂದು ಇಳಿದು ಕೆಲಸ ಮಾಡುತ್ತದೆ. ತಳದಲ್ಲಿ ಏನಾದರೂ ಕೆಟ್ಟರೆ ಪ್ರತಿ ಮೆಟ್ಟಿಲಿನವರೂ ‘ನನ್ನದೂ ನಿಂತಿತು’ ಎಂದು ಹೇಳುತ್ತಾ ಮೇಲೆ ಬರುತ್ತಾರೆ. ಕೊನೆಗೆ ಕಾಣುವ ‘ಎರರ್ ಕೋಡ್ 1’ ಆ ವರದಿ ಅಷ್ಟೇ. ಕಾರಣ ಅದಕ್ಕಿಂತ ಮೇಲೆ ಇರುತ್ತದೆ, ಕೆಲವು ಸಲ ಹತ್ತಾರು ಸಾಲು ಮೇಲೆ. ‘ಮೈನಸ್ ಜೆ’ ಕೊಟ್ಟು ಒಟ್ಟಿಗೆ ಹಲವು ಫೈಲು ಕಂಪೈಲ್ ಮಾಡಿಸಿದ್ದರಂತೂ ಸಾಲುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆದ್ದರಿಂದ ನಾನು ಮೊದಲು ಮಾಡುವ ಕೆಲಸ ಎಂದರೆ ‘ಮೈನಸ್ ಜೆ’ ತೆಗೆದು, ಪರದೆಗೆ ಬರುವ ಎಲ್ಲವನ್ನೂ ಒಂದು ಫೈಲಿಗೆ ಬರೆಸುವುದು. ಎರರ್ ಸಂದೇಶಗಳು ಬೇರೆ ದಾರಿಯಲ್ಲಿ ಬರುತ್ತವೆ, ಅವನ್ನೂ ಅದೇ ಫೈಲಿಗೆ ತಿರುಗಿಸಬೇಕು. ಮುಗಿದ ಮೇಲೆ ಆ ಫೈಲಿನಲ್ಲಿ ಮೊದಲ ತಪ್ಪನ್ನು ಹುಡುಕಬೇಕು.

ಅದೃಷ್ಟಕ್ಕೆ ಹುಡುಗ ಯಾವ ಫೋಟೊವನ್ನೂ ಅಳಿಸಿರಲಿಲ್ಲ. ಸ್ವಲ್ಪ ಮೇಲಿನ ಸಾಲುಗಳ ಫೋಟೊಗಳೂ ಇದ್ದವು. ಅವುಗಳನ್ನು ತೆಗೆದ ಹೊತ್ತನ್ನೂ ಫೋನ್ ಹೇಳುತ್ತಿತ್ತು. ರಾತ್ರಿಯ ಎರಡು ಪ್ರಯತ್ನಗಳು ಕಟ್ಟಕಡೆಗೆ, ಕಂಪೈಲ್ ಆದ ತುಂಡುಗಳೆಲ್ಲ ಸೇರಿ ಲಿಂಕ್ ಆಗುವಾಗ ನಿಂತಿದ್ದವು, ಎರಡೂ ಒಂದೇ ಜಾಗದಲ್ಲಿ. ಮಧ್ಯಾಹ್ನದ ಎರಡು ಪ್ರಯತ್ನಗಳು ಬೇರೆ ಬೇರೆ ಫೈಲಿನಲ್ಲಿ ನಿಂತಿದ್ದವು.

‘ತಮ್ಮಾ, ಇದು ಒಂದ್ ರೋಗ ಅಲ್ಲ, ಎರಡು,’ ಎಂದೆ.

ಇಷ್ಟು ವರ್ಷದ ಕೆಲಸದಲ್ಲಿ ನಾನು ಹೆಚ್ಚು ನಂಬುವ ಪರೀಕ್ಷೆ ಇದೊಂದೇ. ಅದೇ ಆಜ್ಞೆಯನ್ನು, ಏನೂ ಬದಲಿಸದೆ, ಇನ್ನೊಮ್ಮೆ ಕೊಡಿ. ತಪ್ಪು ಅದೇ ಫೈಲಿನ ಅದೇ ಸಾಲಿನಲ್ಲಿ ಬಂದರೆ ದೋಷ ಬರವಣಿಗೆಯಲ್ಲಿದೆ, ಅಂದರೆ ಕಾನ್ಫಿಗ್‌ನಲ್ಲೋ ಸೋರ್ಸ್‌ನಲ್ಲೋ. ತಪ್ಪು ಜಾಗ ಬದಲಿಸಿದರೆ ಕಾನ್ಫಿಗ್ ಫೈಲನ್ನು ಮುಟ್ಟಬೇಡಿ, ಯಂತ್ರದ ಮುಚ್ಚಳ ಬಿಚ್ಚಿ.

ಒಂದೇ ಜಾಗದ ತಪ್ಪನ್ನು ಮೊದಲು ನೋಡಿದೆವು. ‘ಯುಮಾಸ್’ ಎಂಬ ಡ್ರೈವರ್ ‘ಎಕ್ಸ್‌ಪಿಟಿ ಡನ್’ ಎಂಬ ಫಂಕ್ಷನ್ನನ್ನು ಕರೆಯುತ್ತದೆ, ಆದರೆ ಅಂಥದ್ದು ಎಲ್ಲೂ ಇಲ್ಲ ಎಂದು ಲಿಂಕರ್ ಹೇಳುತ್ತಿತ್ತು. ಅದೇ ತರಹದ ಸಾಲುಗಳು ಇನ್ನೂ ಹಲವು. ‘ಪಿಯುಸಿ ಜೊತೆಗೆ ಮತ್ತೇನು ಬದಲಿಸಿದಿ?’ ಎಂದು ಕೇಳಿದೆ. ಕರ್ನಲ್ ಸಣ್ಣದಾಗಲಿ, ಬೇಗ ಕಂಪೈಲ್ ಆಗಲಿ ಎಂದು ಅವನು ಸ್ಕಸಿ (ಡಿಸ್ಕುಗಳನ್ನು ಜೋಡಿಸುವ ಒಂದು ಹಳೆಯ ಪದ್ಧತಿ), ರೇಡ್, ಫೈರ್‌ವೈರ್ ಸಾಲುಗಳನ್ನೆಲ್ಲ ಅಳಿಸಿದ್ದ. ‘ಈ ಮಷಿನ್‌ದಾಗ ಸ್ಕಸಿ ಡಿಸ್ಕೇ ಇಲ್ಲಲ್ರಿ ಕಾಕಾ?’

ಅವನ ತರ್ಕ ತಪ್ಪಲ್ಲ. ಸ್ಕಸಿ ಡಿಸ್ಕ್ ಇರಲಿಲ್ಲ, ನಿಜ. ಆದರೆ ಪೆನ್ ಡ್ರೈವ್ ಇತ್ತು. ಪೆನ್ ಡ್ರೈವ್ ಯುಎಸ್‌ಬಿ ಕಿಂಡಿಗೆ ಹೋಗುತ್ತದೆ, ಆದರೆ ಒಳಗೆ ಆಡುವ ಭಾಷೆ ಸ್ಕಸಿಯದು. ಓದು, ಬರೆ, ನಿನ್ನ ಗಾತ್ರ ಎಷ್ಟು ಎಂಬ ಆಜ್ಞೆಗಳೆಲ್ಲ ಸ್ಕಸಿ ಆಜ್ಞೆಗಳೇ. ಹಾಗಾಗಿ ಫ್ರೀಬಿಎಸ್‌ಡಿಯ ಯುಮಾಸ್ ಡ್ರೈವರ್ ಪೆನ್ ಡ್ರೈವನ್ನು ಸ್ಕಸಿ ವ್ಯವಸ್ಥೆಗೇ ಒಪ್ಪಿಸುತ್ತದೆ. ಅದು ‘ಡಿಎ 0’ ಎಂಬ ಸ್ಕಸಿ ಡಿಸ್ಕಿನ ಹೆಸರಲ್ಲೇ ಕಾಣಿಸುತ್ತದೆ. ಜೆನೆರಿಕ್ ಫೈಲಿನಲ್ಲಿ ಯುಮಾಸ್ ಸಾಲಿನ ಪಕ್ಕದಲ್ಲೇ ‘ಎಸ್‌ಸಿಬಸ್ ಮತ್ತು ಡಿಎ ಬೇಕು’ ಎಂದು ಬರೆದಿದ್ದಾರೆ. ನೆಟ್‌ವರ್ಕ್ ಕಾರ್ಡುಗಳ ಮೇಲೆಯೂ ‘ಎಂಐಐಬಸ್ ಸಾಲನ್ನು ಉಳಿಸಿಕೊಳ್ಳಿ’ ಎಂಬ ಎಚ್ಚರಿಕೆ ಇದೆ. ಆ ಪಕ್ಕದ ಬರಹಗಳನ್ನು ದಯವಿಟ್ಟು ಬಿಡದೆ ಓದಿ. ಒಂದು ಸಾಲು ಅಳಿಸಿದಾಗ ಅದನ್ನು ನೆಚ್ಚಿಕೊಂಡವರು ಯಾರು ಎಂದು ತಿಳಿಯುವುದು ಅಲ್ಲಿಂದಲೇ.

ಇದು ಇಷ್ಟು ತಡವಾಗಿ ಯಾಕೆ ಸಿಕ್ಕಿಬೀಳುತ್ತದೆ? ಕಂಪೈಲರ್ ಒಂದೊಂದೇ ಫೈಲನ್ನು ನೋಡುತ್ತದೆ. ಈ ಫಂಕ್ಷನ್ ಬೇರೆಲ್ಲೋ ಇರಬಹುದು ಎಂದು ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಕೊನೆಗೆ ಎಲ್ಲವನ್ನೂ ಹೊಲಿಯಲು ಲಿಂಕರ್ ಕೂತಾಗಲೇ ತುಂಡು ಕಡಿಮೆ ಬಿದ್ದದ್ದು ಗೊತ್ತಾಗುವುದು. ಒಂದು ಗಂಟೆ ಕಾದ ಮೇಲೆ! ಸ್ಕಸಿಯ ಎರಡು ಸಾಲು ವಾಪಸ್ ಹಾಕಿಸಿದೆ. ಬೇಗ ಮುಗಿಯಬೇಕಾದರೆ ಡ್ರೈವರ್ ಸಾಲು ಅಳಿಸಿ ಪ್ರಯೋಜನ ಜಾಸ್ತಿ ಇಲ್ಲ. ಹೊತ್ತು ತಿನ್ನುವುದು ಕರ್ನಲ್ ಜೊತೆ ಕಂಪೈಲ್ ಆಗುವ ನೂರಾರು ಮಾಡ್ಯೂಲುಗಳು, ಅಂದರೆ ಬೇಕಾದಾಗ ಕರ್ನಲ್‌ಗೆ ಜೋಡಿಸಿಕೊಳ್ಳುವ ತುಂಡುಗಳು. ‘ಮೇಕ್ ಡಾಟ್ ಕಾನ್ಫ್’ನಲ್ಲಿ ‘ಮಾಡ್ಯೂಲ್ಸ್ ಓವರ್‌ರೈಡ್’ ಎಂದು ಬರೆದು ಬೇಕಾದವನ್ನಷ್ಟೇ ಹೆಸರಿಸಿದರೆ ಕೆಲಸ ಎಷ್ಟೋ ಹಗುರ.

ಇನ್ನು ಜಾಗ ಬದಲಿಸುವ ತಪ್ಪು. ಮಧ್ಯಾಹ್ನದ ಫೋಟೊಗಳಲ್ಲಿ ‘ಇಂಟರ್ನಲ್ ಕಂಪೈಲರ್ ಎರರ್, ಸೆಗ್ಮೆಂಟೇಶನ್ ಫಾಲ್ಟ್’ ಎಂದಿತ್ತು. ಸಿಗ್ನಲ್ 11 ಎಂದು ಹಳಬರು ಕರೆಯುವುದು ಇದನ್ನೇ. ಕಂಪೈಲರ್ ಮೆಮೊರಿ ತುಂಬ ವಿಳಾಸಗಳನ್ನು ಹೆಣೆಯುತ್ತಾ ಹೋಗುತ್ತದೆ. ಅದರಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಸಾಕು, ಇಲ್ಲದ ವಿಳಾಸಕ್ಕೆ ಹೋಗಿ ಬೀಳುತ್ತದೆ. ದಿನವಿಡೀ ತೂಕ ಓದುವ ಕೆಲಸದಲ್ಲಿ ಪ್ರೊಸೆಸರ್‌ಗೆ ಬೆವರೇ ಬರುವುದಿಲ್ಲ, ಆದ್ದರಿಂದ ಈ ದೋಷ ಹೊರಗೆ ಕಾಣುವುದಿಲ್ಲ. ಕರ್ನಲ್ ಕಂಪೈಲ್ ಎಂದರೆ ಗಂಟೆಗಟ್ಟಲೆ ಪೂರ್ತಿ ದುಡಿತ.

ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ, ಅಲ್ವಾ? ಹೊರಗೆ 42 ಡಿಗ್ರಿ, ಮೇಲೆ ತಗಡು. ಮುಚ್ಚಳ ಬಿಚ್ಚಿದೆವು. ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್‌ನ ಸಂದುಗಳಲ್ಲಿ ಬೇಳೆ ಹೊಟ್ಟಿನ ಧೂಳು ಕಂಬಳಿಯಂತೆ ಕೂತಿತ್ತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಮಿಲ್ಲಿನಲ್ಲಿದ್ದ ಬ್ಲೋವರ್‌ನಿಂದ ಧೂಳು ಹೊಡೆದು, ಒಣಗಿ ಸುಣ್ಣದಂತಾಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ.

ಎಲ್ಲ ಸಿಗ್ನಲ್ 11 ಬಿಸಿಲಿನದೇ ಅಲ್ಲ. ಬೀದರ್ ನಮಗಿಂತ ಎತ್ತರದಲ್ಲಿದೆ, ತಂಪೂ ಹೌದು. ಅಲ್ಲಿನ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಡಿಸೆಂಬರ್ ಚಳಿಯಲ್ಲೂ ಇದೇ ತಪ್ಪು ಕಂಡಿದ್ದೆ. ಫ್ಯಾನ್, ಹೀಟ್‌ಸಿಂಕ್ ಎಲ್ಲ ಶುದ್ಧ. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ಒಂದೊಂದೇ ರ‍್ಯಾಮ್ ಪಟ್ಟಿಯನ್ನು ಬಿಡಿಸಿ ನೋಡಿದಾಗ ಒಂದು ಪಟ್ಟಿ ಕೆಟ್ಟಿರುವುದು ಸಿಕ್ಕಿತು. ಇನ್ನು ‘ಕಿಲ್ಡ್’ ಎಂದು ಬಂದರೆ ಅದು ಬೇರೆಯೇ ಮಾತು. ಅಲ್ಲಿ ಕಂಪೈಲರ್ ತಾನಾಗಿ ಬಿದ್ದದ್ದಲ್ಲ, ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಸ್ವಾಪ್ ಜಾಗ ಮುಗಿದು ಕರ್ನಲ್ಲೇ ಅದನ್ನು ನಿಲ್ಲಿಸಿರುತ್ತದೆ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ ನೋಡಿದರೆ ಗೊತ್ತಾಗುತ್ತದೆ.

ಹುಡುಗನ ಇನ್ನೊಂದು ದೂರು ಇತ್ತು. ‘ನೋ ಕ್ಲೀನ್ ಕೊಟ್ರೂ ಪ್ರತಿ ಸಲ ಮೊದಲಿಂದ ಶುರು ಆಗ್ಲಕತ್ತದ.’ ನೋ ಕ್ಲೀನ್ ಎಂದರೆ ಮೊದಲೇ ಕಂಪೈಲ್ ಆದದ್ದನ್ನು ಅಳಿಸಬೇಡ ಎಂಬ ಸೂಚನೆ. ಯಂತ್ರಕ್ಕೆ ತಾರೀಖು ಕೇಳಿದೆ. ಯಂತ್ರ 2002 ಎಂದು ಹೇಳಿತು. ಮದರ್‌ಬೋರ್ಡಿನ 3 ವೋಲ್ಟ್ ಬಟನ್ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಮೇಕ್ ನಂಬುವುದು ಫೈಲಿನ ತಾರೀಖನ್ನು ಮಾತ್ರ. ಸೋರ್ಸ್ ಫೈಲುಗಳ ಮೇಲೆ 2008 ಇದೆ, ಈಗಷ್ಟೇ ಕಂಪೈಲ್ ಆದದ್ದರ ಮೇಲೆ 2002 ಇದೆ. ಸೋರ್ಸ್ ಹೊಸದು ಎಂದು ತಿಳಿದು ಅದು ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುತ್ತದೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಗಡಿಯಾರ ಸರಿ ಇದ್ದಾಗ ಕಂಪೈಲ್ ಮಾಡಿ, ಅದು ಹಿಂದೆ ಹೋದ ಮೇಲೆ ಒಂದು ಫೈಲು ತಿದ್ದಿದಿರಿ ಅನ್ನಿ. ತಿದ್ದಿದ್ದೇ ಹಳೆಯದಾಗಿ ಕಾಣುತ್ತದೆ. ಮೇಕ್ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಒಂದು ಮಾತೂ ಹೇಳುವುದಿಲ್ಲ. ಬ್ಯಾಟರಿ ಬದಲಿಸಿ, ತಾರೀಖು ಸರಿಮಾಡಿ, ಹಳೆಯ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆವು.

ಸೋರ್ಸ್ ವಿಷಯದಲ್ಲಿ ಇವನು ತಪ್ಪಿರಲಿಲ್ಲ. ಎಷ್ಟೋ ಜನ 6ರ ಸಿಸ್ಟಮ್ ಮೇಲೆ 7ರ ಸೋರ್ಸ್ ತಂದು ಸುರಿಯುತ್ತಾರೆ. ಆಗ ಕಾನ್ಫಿಗ್ ಪ್ರೋಗ್ರಾಂ ‘ನನ್ನ ಆವೃತ್ತಿಗೂ ಕರ್ನಲ್ಲಿಗೂ ಹೊಂದುವುದಿಲ್ಲ’ ಎಂದು ನಿಂತುಬಿಡುತ್ತದೆ. ಓಡುತ್ತಿರುವ ಆವೃತ್ತಿಯದೇ ಸೋರ್ಸ್ ಇರಲಿ.

ಮಧ್ಯಾಹ್ನ ಎರಡು ಗಂಟೆಗೆ, ಬೇಕೆಂದೇ ಆ ಬಿಸಿಲಿನಲ್ಲೇ, ಬಿಲ್ಡ್ ಶುರು ಮಾಡಿದೆವು. ಈ ಸಲ ಎಲ್ಲೂ ನಿಲ್ಲಲಿಲ್ಲ.

ಇನ್‌ಸ್ಟಾಲ್ ಮಾಡುವ ಮೊದಲು ಒಂದು ಮಾತು. ‘ಇನ್‌ಸ್ಟಾಲ್‌ಕರ್ನಲ್’ ಈಗಿನ ಕರ್ನಲ್ಲನ್ನು ‘ಕರ್ನಲ್ ಡಾಟ್ ಓಲ್ಡ್’ ಎಂಬ ಹೆಸರಲ್ಲಿ ಎತ್ತಿಡುತ್ತದೆ. ಹೊಸದು ಬೂಟ್ ಆಗದಿದ್ದರೆ, ಕರ್ನಲ್ಲನ್ನು ಎಬ್ಬಿಸುವ ಲೋಡರ್‌ನಲ್ಲಿ ಅದನ್ನು ಕರೆದು ಎದ್ದೇಳಬಹುದು. ಆದರೆ ಎರಡನೆಯ ಸಲ ಇನ್‌ಸ್ಟಾಲ್ ಮಾಡಿದಿರೋ, ಕೆಟ್ಟ ಕರ್ನಲ್ಲೇ ‘ಓಲ್ಡ್’ ಜಾಗಕ್ಕೆ ಹೋಗಿ ಕೂರಬಹುದು, ಒಳ್ಳೆಯದು ಅಳಿಸಿಹೋಗಬಹುದು. ಬಹಳ ಹಿಂದೆ ಯಾದಗಿರಿಯಲ್ಲಿ ನನ್ನ ಕೈಯಿಂದಲೇ ಹೀಗೆ ಆಗಿತ್ತು. ಆ ರಾತ್ರಿ ಸಿಡಿ ತರಲು ಕಲಬುರಗಿಗೆ ವಾಪಸ್ ಬರಬೇಕಾಯಿತು. ಅಂದಿನಿಂದ ಓಡುತ್ತಿರುವ ಕರ್ನಲ್ ಡೈರೆಕ್ಟರಿಯನ್ನು ‘ಕರ್ನಲ್ ಡಾಟ್ ಗುಡ್’ ಎಂದು ಬೇರೆಯಾಗಿ ಕಾಪಿ ಮಾಡದೆ ಮುಂದೆ ಹೋಗುವುದಿಲ್ಲ. ಹಳೆಯ ಯಂತ್ರಗಳಲ್ಲಿ ರೂಟ್ ಪಾರ್ಟಿಶನ್, ಅಂದರೆ ಡಿಸ್ಕಿನಲ್ಲಿ ಕರ್ನಲ್ ಇರುವ ಭಾಗ, ಚಿಕ್ಕದು. ಮೂರು ಪ್ರತಿ ಹಿಡಿಸುತ್ತದೋ ಇಲ್ಲವೋ ಮೊದಲೇ ನೋಡಿಕೊಳ್ಳಿ.

ರೀಬೂಟ್ ಆಯಿತು. ಪಿಯುಸಿ ಕಾಣಿಸಿತು, ಅದರ ಕೆಳಗೆ ಎರಡು ಪೋರ್ಟ್. ಆದರೂ ತೂಕ ಸೊನ್ನೆಯಲ್ಲೇ ನಿಂತಿತ್ತು, ಹುಡುಗನ ಮುಖ ಸಪ್ಪಗಾಯಿತು. ಜೆನೆರಿಕ್‌ನಲ್ಲಿ ಮೊದಲ ನಾಲ್ಕು ಸಂಖ್ಯೆಗಳು ಬೋರ್ಡಿನ ಪೋರ್ಟುಗಳಿಗೇ ಮೀಸಲು. ಹಾಗಾಗಿ ಕಾರ್ಡಿನ ಪೋರ್ಟ್ 4ರಿಂದ ಶುರುವಾಗುತ್ತದೆ. ಪ್ರೋಗ್ರಾಂ ಇನ್ನೂ ಸುಟ್ಟುಹೋದ 0ಯನ್ನೇ ಓದುತ್ತಿತ್ತು. ಆ ಒಂದು ಅಂಕಿ ಬದಲಿಸಿದೆವು. ಹೊರಗೆ ಕಾಯುತ್ತಿದ್ದ ಲಾರಿ ವೇಬ್ರಿಡ್ಜ್ ಮೇಲೆ ಹತ್ತಿತು, ಪರದೆಯ ಮೇಲೆ ತೂಕ ಬಂತು.

ಕಡೆಗೆ ‘ಯುನೇಮ್’ ಕೊಟ್ಟು ತೋರಿಸಿದೆ. ಕರ್ನಲ್ಲನ್ನು ಯಾವ ಯಂತ್ರದಲ್ಲಿ, ಯಾವ ಕಾನ್ಫಿಗ್ ಹೆಸರಲ್ಲಿ ಕಟ್ಟಿದ್ದು ಎಂಬುದು ಅದರಲ್ಲೇ ಬರೆದಿರುತ್ತದೆ. ಊರಿನ ಹೆಸರು 2014ರಲ್ಲಿ ಬದಲಾಗುವ ಮೊದಲೇ ಹಾಕಿದ ಸಿಸ್ಟಮ್ ಅದು, ಯಂತ್ರದ ಹೆಸರು ಇನ್ನೂ ‘ಗುಲ್ಬರ್ಗಾ’ ಎಂದೇ ಇತ್ತು. ಅದರ ಮುಂದೆ ಹುಡುಗ ಇಟ್ಟ ಕಾನ್ಫಿಗ್ ಹೆಸರು: ‘ತೊಗರಿ’. ಆ ಫೈಲನ್ನೂ ಬಿಲ್ಡ್ ಲಾಗನ್ನೂ ಅವನು ಪೆನ್ ಡ್ರೈವ್‌ಗೆ ಕಾಪಿ ಮಾಡಿಕೊಂಡ. ‘ಡಿಎ 0’ ಎಂದು ಪರದೆಯ ಮೇಲೆ ಬಂದಾಗ ನನ್ನ ಕಡೆ ತಿರುಗಿ, ‘ಸ್ಕಸಿ ಅದ ನೋಡ್ರಿ ಕಾಕಾ,’ ಎಂದ.