ಪದ ಪರಿಚಯ: ಬದಲಿ ಚರ್ಮ

ಸುಟ್ಟೋ ಹುಣ್ಣಾಗಿಯೋ ಹಾಳಾದ ಚರ್ಮದ ಜಾಗಕ್ಕೆ ಹಾಕಲು ತಯಾರಿಸುವುದೇ ಬದಲಿ ಚರ್ಮ. ಪತ್ರಿಕೆಗಳು ಇದನ್ನು ಹೆಚ್ಚಾಗಿ ‘ಕೃತಕ ಚರ್ಮ’ ಎನ್ನುತ್ತವೆ. ಹಾಗೆಂದಾಗ ಗಾಯದ ಮೇಲೆ ಅಂಟಿಸುವ ರಬ್ಬರಿನ ಹಾಳೆ ಕಣ್ಣಮುಂದೆ ಬರುತ್ತದೆ. ‘ಬದಲಿ ಚರ್ಮ’ ಎಂಬ ಹೆಸರೇ ವಾಸಿ. ಮಲ್ಲಿಗೆ ಬಳ್ಳಿಗೆ ಕಟ್ಟುವ ಹಂದರವನ್ನು ನೆನೆದರೆ ಅರ್ಥ ಇನ್ನೂ ಹತ್ತಿರ.

ನಮ್ಮ ಹೊರಚರ್ಮ ಕಾಗದದಷ್ಟು ತೆಳು. ಮೈಯ ನೀರು ಆರಿಹೋಗದಂತೆ, ಸೋಂಕು ಒಳನುಗ್ಗದಂತೆ ಕಾಯುವುದು ಅದೇ. ಅದರಡಿಯ ಒಳಚರ್ಮದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ನಾರು, ರಕ್ತನಾಳ, ನರ, ಕೂದಲ ಬುಡ ಎಲ್ಲ ಇವೆ. ಬಿಸಿ ತಾಗಿ ಬೊಬ್ಬೆ ಎದ್ದರೆ ಹೊರಚರ್ಮ ಮತ್ತೆ ಹಬ್ಬುತ್ತದೆ. ಒಳಚರ್ಮ ಪೂರ್ತಿ ಸುಟ್ಟರೆ ಅದು ಮೊದಲಿನಂತೆ ಬೆಳೆಯುವುದಿಲ್ಲ. ಕಲೆಗಟ್ಟಿ ಮುದುಡುತ್ತದೆ, ಕುತ್ತಿಗೆ ಎತ್ತಲಾಗದು, ಬೆರಳು ಬಿಡಿಸಲಾಗದು. ರೋಗಿಯ ತೊಡೆಯಿಂದಲೇ ತೆಳ್ಳಗೆ ಚರ್ಮ ತೆಗೆದು ಕಸಿ ಮಾಡುವುದು ರೂಢಿ. ಆದರೆ ಮುಕ್ಕಾಲು ಮೈ ಸುಟ್ಟವರಿಂದ ಎಲ್ಲಿಯದನ್ನು ತೆಗೆಯುವುದು?

1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್ ಹೊರಚರ್ಮದ ಜೀವಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸುವ ಬಗೆ ಕಂಡುಕೊಂಡರು. 1983ರಲ್ಲಿ ಅಲ್ಲಿನ ವಯೋಮಿಂಗ್ ರಾಜ್ಯದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಮೈಯ ಶೇ. 95ಕ್ಕೂ ಹೆಚ್ಚು ಭಾಗ ಸುಟ್ಟುಕೊಂಡು ಬಾಸ್ಟನ್‌ಗೆ ಬಂದರು. ಕಂಕುಳಲ್ಲಿ ಉಳಿದಿದ್ದ ಚರ್ಮದ ಚೂರಿನಿಂದ ಬೆಳೆಸಿದ ಹಾಳೆಗಳು ಅವರ ಸುಮಾರು ಅರ್ಧ ಮೈಯನ್ನು ಮುಚ್ಚಿದವು. ಇಬ್ಬರೂ ಬದುಕಿದರು. ಈ ಸಂಗತಿ ಓದಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಬೆಳೆಸಿದ್ದು ಹೊರಚರ್ಮ ಮಾತ್ರ. ಅಡಿಪಾಯವಿಲ್ಲದೆ ಅದು ಬೇಗ ಸುಲಿಯುತ್ತದೆ. ಒಳಚರ್ಮದ ಕೆಲಸಕ್ಕೆ ಕೈಹಾಕಿದವರು ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಅಯೋನಿಸ್ ಯಾನಸ್ ಮತ್ತು ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಬರ್ಕ್. ಹಸುವಿನ ಕೊಲಾಜನ್ನನ್ನು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಸಕ್ಕರೆಜಾತಿಯ ವಸ್ತುವಿನೊಡನೆ ಕಲಸಿ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸುತ್ತಾರೆ. ಮಂಜುಗಡ್ಡೆಯ ಹರಳುಗಳು ಆವಿಯಾಗಿ ಹೋದ ಜಾಗದಲ್ಲೆಲ್ಲ ಸಣ್ಣ ರಂಧ್ರ ಉಳಿದು ಸ್ಪಂಜಿನಂಥ ಹಾಳೆ ಸಿಗುತ್ತದೆ. ಮೇಲೊಂದು ಸಿಲಿಕೋನ್ ಹೊದಿಕೆ. ಸುಟ್ಟ ಭಾಗವನ್ನು ಕತ್ತರಿಸಿ ತೆಗೆದು ಇದನ್ನು ಹೊಲಿದರೆ, ಎರಡು ಮೂರು ವಾರದಲ್ಲಿ ರೋಗಿಯ ಜೀವಕೋಶಗಳೂ ರಕ್ತನಾಳಗಳೂ ಆ ರಂಧ್ರಗಳೊಳಗೆ ಹಬ್ಬುತ್ತವೆ, ತಮ್ಮದೇ ಕೊಲಾಜನ್ ನೇಯುತ್ತವೆ. ಹಂದರದಂತಿದ್ದ ಆ ಹಾಳೆ ಮೆಲ್ಲಗೆ ಕರಗುತ್ತದೆ. ಆಮೇಲೆ ಸಿಲಿಕೋನ್ ಸುಲಿದು ಬಲು ತೆಳುವಾದ ಕಸಿ ಹಾಕಿದರೆ ಸಾಕು. ಅಮೆರಿಕದಲ್ಲಿ ಇದಕ್ಕೆ 1996ರಲ್ಲಿ ಅನುಮತಿ ಸಿಕ್ಕಿತು. ಎರಡು ವರ್ಷದ ಬಳಿಕ, ಜೀವಂತ ಕೋಶಗಳಿರುವ ಎರಡು ಪದರದ ಚರ್ಮವೊಂದು ಕಾಲಿನ ವಾಸಿಯಾಗದ ಹುಣ್ಣಿಗೆ ಬಂತು.

ಹೀಗೆ ಬೆಳೆದ ಚರ್ಮದಲ್ಲಿ ಬೆವರಿನ ಗ್ರಂಥಿಗಳಿಲ್ಲ. ಮೈಯ ಬಹುಭಾಗ ಸುಟ್ಟು ಉಳಿದವರಿಗೆ ಬೇಸಿಗೆ ನಿಜಕ್ಕೂ ಕಷ್ಟ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿರುವಂಥ ಚರ್ಮ ಬ್ಯಾಂಕಿನದು ಬೇರೆ ವಿಷಯ. ಅಲ್ಲಿಡುವುದು ಮೃತರು ದಾನ ಕೊಟ್ಟ ಚರ್ಮ. ಸಾವಿನ ನಂತರ ಆರು ಗಂಟೆಯೊಳಗೆ ತೆಗೆದು ಗ್ಲಿಸರಾಲ್‌ನಲ್ಲಿ ಕಾಪಿಡುತ್ತಾರೆ. ರೋಗಿಯ ಮೈಗೆ ಅದು ಶಾಶ್ವತವಾಗಿ ಹೊಂದುವುದಿಲ್ಲ, ಕೆಲವು ವಾರಗಳಲ್ಲಿ ಕಳಚುತ್ತದೆ. ಅಷ್ಟು ದಿನ ಗಾಯ ಮುಚ್ಚಿರುತ್ತದೆ, ನೋವು ತಗ್ಗುತ್ತದೆ, ಸ್ವಂತ ಚರ್ಮ ತೆಗೆದ ಜಾಗ ಮಾಯ್ದು ಇನ್ನೊಂದು ಕಸಿಗೆ ಸಿದ್ಧವಾಗುತ್ತದೆ.